ಬಿಡಿಯಲ್ಲಿ ಇಡಿ: ‘ಮೆಲಡಿ ಟೈಮ್’ ಕುರಿತ ಒಂದು ತೀರ್ಪಿನ ಖಂಡನೆ

ವಾಲ್ಟ್ ಡಿಸ್ನಿ ಸ್ಟುಡಿಯೊ ನಿರ್ಮಿಸಿದ, 1948ರ ಮೇ 27ರಂದು ಅಮೆರಿಕದಲ್ಲಿ ತೆರೆಕಂಡ, ಸುಮಾರು 75 ನಿಮಿಷಗಳ ‘ಮೆಲಡಿ ಟೈಮ್’ ಎಂಬ ಆನಿಮೇಷನ್ ಚಿತ್ರದ ಬಗ್ಗೆ ಪ್ರೇಕ್ಷಕರಲ್ಲಿ ಒಂದು ತೀರ್ಪು ಬಹುಕಾಲದಿಂದ ನೆಲೆಯೂರಿದೆ. ಯುದ್ಧದಿಂದಾದ ಹಣದ ಮುಗ್ಗಟ್ಟಿನಲ್ಲಿ ದೊಡ್ಡ ಕಥಾಚಿತ್ರಗಳನ್ನು ಮಾಡಲಾಗದೆ ಹೋದ ಸ್ಟುಡಿಯೊ ಕೈಗೆ ಸಿಕ್ಕ ಚೂರುಗಳನ್ನು ಒಟ್ಟುಗೂಡಿಸಿ ಕಾಲ ತಳ್ಳಿತು, ಆ ಚೂರುಗಳಲ್ಲಿ ಒಂದೆರಡು ಚೆನ್ನಾಗಿವೆ, ಮಿಕ್ಕವು ಸಪ್ಪೆ, ಹಾಡುಗಳು ಅಜ್ಜಂದಿರ ಕಾಲದವು, ಈಗಿನ ಮಕ್ಕಳು ಅದರ ಮುಂದೆ ಕೂರಲಾರರು ಎಂಬುದು ಆ ತೀರ್ಪಿನ ಸಾರ. ಚಿತ್ರವನ್ನು ಮೆಚ್ಚಿದವರು ಕೂಡ ಈ ಮಾತುಗಳನ್ನು ಮೊದಲು ಒಪ್ಪಿಕೊಂಡು, ಆಮೇಲೆ ತಮಗೆ ಇಷ್ಟವಾದ ಒಂದೆರಡು ಭಾಗಗಳ ಹೆಸರು ಹೇಳಿ ಸುಮ್ಮನಾಗುತ್ತಾರೆ. ವಿರೋಧಿಗಳೂ ಅಭಿಮಾನಿಗಳೂ ಒಂದೇ ಮಾತನ್ನು ಆಡುವಷ್ಟು ಗಟ್ಟಿಯಾಗಿ ನಿಂತ ಈ ತೀರ್ಪು ಮೂಲದಲ್ಲೇ ತಪ್ಪು, ಏಕೆಂದರೆ ಅದು ಒಂದು ಪ್ರಕಾರದ ಕೃತಿಯನ್ನು ಬೇರೊಂದು ಪ್ರಕಾರದ ಅಳತೆಗೋಲಿನಿಂದ ಅಳೆದು, ಅಳತೆ ಹೊಂದದಿರುವುದನ್ನೇ ಕೃತಿಯ ದೋಷವೆಂದು ಬಗೆದಿದೆ.

‘ಮೆಲಡಿ ಟೈಮ್’ ಒಂದು ಸಂಕಲನ ಚಿತ್ರ, ಅಂದರೆ ಪರಸ್ಪರ ಸಂಬಂಧವಿಲ್ಲದ ಹಲವು ಸ್ವತಂತ್ರ ಖಂಡಗಳನ್ನು ಒಂದು ಶೀರ್ಷಿಕೆಯ ಕೆಳಗೆ, ಒಂದು ಗೊತ್ತಾದ ಅನುಕ್ರಮದಲ್ಲಿ ಜೋಡಿಸಿದ ಚಿತ್ರ. ಗಿರಡ್ಡಿ ಗೋವಿಂದರಾಜ, ವೀಣಾ ಎಲಬುರ್ಗಿ ಮತ್ತು ಈಶ್ವರಚಂದ್ರರ ಮೂರು ಕಥೆಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1976ರಲ್ಲಿ ನಿರ್ದೇಶಿಸಿದ ‘ಕಥಾಸಂಗಮ’ವನ್ನು ಬಲ್ಲ ಕನ್ನಡಿಗರಿಗೆ ಈ ಪ್ರಕಾರ ಅಪರಿಚಿತವಲ್ಲ. ಡಿಸ್ನಿಯ ಚಿತ್ರದಲ್ಲಿ ಏಳು ಖಂಡಗಳಿವೆ. ಹಿಮದಲ್ಲಿ ಸ್ಕೇಟಿಂಗ್‌ಗೆ ಹೊರಟ ಪ್ರೇಮಿಗಳ ‘ಒನ್ಸ್ ಅಪಾನ್ ಎ ವಿಂಟರ್‌ಟೈಮ್’ ಮೊದಲನೆಯದು. ಪಿಯಾನೊ ಮನೆಗಳ ನಡುವೆ ಸಿಕ್ಕಿಬಿದ್ದ ದುಂಬಿಯ ‘ಬಂಬಲ್ ಬೂಗಿ’ ಎರಡನೆಯದು. ಸೇಬಿನ ಬೀಜ ಬಿತ್ತುತ್ತ ಅಲೆದ ಜಾನಿಯ ಐತಿಹ್ಯ, ‘ಲಿಟಲ್ ಟೂಟ್’ ಎಂಬ ಪುಟ್ಟ ದೋಣಿಯ ಕಥೆ, ಜಾಯ್ಸ್ ಕಿಲ್ಮರ್‌ನ 1913ರ ಕವಿತೆಗೆ ಚಿತ್ರರೂಪವಾದ ‘ಟ್ರೀಸ್’, ಡೊನಾಲ್ಡ್ ಡಕ್ ಮತ್ತು ಹೋಸೆ ಕ್ಯಾರಿಯೋಕ ಕುಣಿಯುವ ‘ಬ್ಲೇಮ್ ಇಟ್ ಆನ್ ದ ಸಾಂಬಾ’ ಅನಂತರ ಬರುತ್ತವೆ. ಟೆಕ್ಸಾಸಿನ ದನಗಾಹಿ ವೀರ ‘ಪೇಕೋಸ್ ಬಿಲ್’ನ ಉತ್ಪ್ರೇಕ್ಷೆಯ ಕಥೆ ಕೊನೆಗಿದೆ. ಗಾಯಕ ಬಡ್ಡಿ ಕ್ಲಾರ್ಕ್‌ನ ದನಿ ಮತ್ತು ಒಂದು ಬಣ್ಣದ ಕುಂಚ ಈ ಖಂಡಗಳನ್ನು ಪರಿಚಯಿಸುತ್ತವೆ.

ಪ್ರಚಲಿತ ತೀರ್ಪಿನ ಮೊದಲ ಆಧಾರ ಆರ್ಥಿಕ ಇತಿಹಾಸ. ಆ ಇತಿಹಾಸದ ವಿವರಗಳು ನಿಜ. 1940ರಲ್ಲಿ ತೆರೆಕಂಡ ‘ಪಿನೋಕಿಯೊ’ ಮತ್ತು ‘ಫ್ಯಾಂಟೇಸಿಯಾ’ ಚಿತ್ರಗಳು ಯೂರೋಪಿನ ಮಾರುಕಟ್ಟೆ ಯುದ್ಧದಿಂದ ಮುಚ್ಚಿಹೋದ ಕಾರಣಕ್ಕೂ ನಷ್ಟ ಅನುಭವಿಸಿದವು. 1941ರ ಮೇ ತಿಂಗಳಲ್ಲಿ ಆರಂಭವಾದ ಕಲಾವಿದರ ಮುಷ್ಕರ ಸ್ಟುಡಿಯೊವನ್ನು ಎರಡಾಗಿ ಸೀಳಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕ ಯುದ್ಧಕ್ಕೆ ಇಳಿದಾಗ ಸೈನ್ಯ ಬರ್ಬ್ಯಾಂಕಿನ ಸ್ಟುಡಿಯೊದೊಳಗೇ ಬಂದು ನೆಲೆಸಿತು, ಕಲಾವಿದರು ಸೈನಿಕರ ತರಬೇತಿಗಾಗಿ ಚಿತ್ರಗಳನ್ನು ಬರೆಯತೊಡಗಿದರು. 1942ರ ‘ಬ್ಯಾಂಬಿ’ಯ ನಂತರ 1950ರ ‘ಸಿಂಡರೆಲ್ಲಾ’ದವರೆಗೆ ಒಂದೇ ಕಥೆಯುಳ್ಳ ಪೂರ್ಣ ಆನಿಮೇಷನ್ ಚಿತ್ರ ಡಿಸ್ನಿಯಿಂದ ಬರಲಿಲ್ಲ. ಆ ಅವಧಿಯಲ್ಲಿ ಬಂದವು ‘ಸಲೂದೋಸ್ ಅಮೀಗೋಸ್’, ‘ದ ತ್ರೀ ಕಬಯ್ಯೆರೋಸ್’, ‘ಮೇಕ್ ಮೈನ್ ಮ್ಯೂಸಿಕ್’, ‘ಫನ್ ಅಂಡ್ ಫ್ಯಾನ್ಸಿ ಫ್ರೀ’, ‘ಮೆಲಡಿ ಟೈಮ್’ ಮತ್ತು 1949ರ ‘ಇಕಬಾಡ್ ಅಂಡ್ ಮಿಸ್ಟರ್ ಟೋಡ್’ ಎಂಬ ಆರು ಸಂಕಲನ ಚಿತ್ರಗಳು. ಹಣವಿದ್ದಿದ್ದರೆ ಇವುಗಳಲ್ಲಿ ಹಲವು ಹುಟ್ಟುತ್ತಿರಲಿಲ್ಲ ಎಂಬುದನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಒಂದು ಕೃತಿ ಯಾವ ಇಕ್ಕಟ್ಟಿನಲ್ಲಿ ಹುಟ್ಟಿತು ಎಂಬುದು ಅದರ ಹುಟ್ಟಿಗೆ ಕಾರಣ ಹೇಳುತ್ತದೆಯೇ ಹೊರತು ಅದರ ಬೆಲೆಯನ್ನು ನಿರ್ಧರಿಸುವುದಿಲ್ಲ, ಮತ್ತು ಇಕ್ಕಟ್ಟಿನಲ್ಲಿ ದುಡಿದ ಕಲಾವಿದರು ಅರೆಮನಸ್ಸಿನಿಂದ ದುಡಿದರು ಎಂದು ಊಹಿಸಲು ಆ ಇತಿಹಾಸ ಯಾವ ಆಧಾರವನ್ನೂ ಕೊಡುವುದಿಲ್ಲ.

ಅದಕ್ಕಿಂತ ಮುಖ್ಯವಾಗಿ, ಬಿಡಿ ಸಂಗೀತಚಿತ್ರಗಳ ಪ್ರಕಾರ ಡಿಸ್ನಿಗೆ ಯುದ್ಧ ತಂದಿತ್ತ ಅನಿವಾರ್ಯವೆಂಬ ಮಾತೇ ಇತಿಹಾಸಕ್ಕೆ ವಿರುದ್ಧವಾದದ್ದು. ಆ ಸ್ಟುಡಿಯೊ 1929ರ ‘ದ ಸ್ಕೆಲಿಟನ್ ಡ್ಯಾನ್ಸ್’ನಿಂದ ಹಿಡಿದು 1939ರವರೆಗೆ ‘ಸಿಲ್ಲಿ ಸಿಂಫನಿ’ ಎಂಬ ಮಾಲೆಯಲ್ಲಿ 75 ಕಿರುಚಿತ್ರಗಳನ್ನು ಹೊರತಂದಿತು; ಅವುಗಳಲ್ಲಿ ಸಂಗೀತವೇ ಮೊದಲು, ಕಥೆ ಅದರ ಹಿಂದೆ. ಬಣ್ಣ, ಆಳ, ಹವಾಮಾನ, ನೀರಿನ ಚಲನೆ ಮುಂತಾದವನ್ನು ಚಿತ್ರಿಸುವ ವಿದ್ಯೆಯನ್ನು ಡಿಸ್ನಿಯ ಕಲಾವಿದರು ಕಲಿತದ್ದು ಆ ಮಾಲೆಯಲ್ಲಿ. ಪೂರ್ಣ ಟೆಕ್ನಿಕಲರ್‌ನಲ್ಲಿ ಬಂದ 1932ರ ‘ಫ್ಲವರ್ಸ್ ಅಂಡ್ ಟ್ರೀಸ್’ ಅದರದೇ ಕೂಸು. 1937ರ ‘ಸ್ನೋ ವೈಟ್’ ಈ ದೀರ್ಘ ಅಭ್ಯಾಸದಿಂದ ಹೊಮ್ಮಿದ ಸಾಹಸ, ಆ ಹೊತ್ತಿಗೆ ಅದೇ ಅಪವಾದ. ಮತ್ತೆ 1940ರಲ್ಲಿ, ಯುದ್ಧದ ಬಿಸಿ ಅಮೆರಿಕಕ್ಕೆ ತಟ್ಟುವ ಮೊದಲೇ, ಡಿಸ್ನಿ ತನ್ನ ಅತ್ಯಂತ ಮಹತ್ವಾಕಾಂಕ್ಷೆಯ ಚಿತ್ರವಾದ ‘ಫ್ಯಾಂಟೇಸಿಯಾ’ವನ್ನು ಸಂಕಲನ ರೂಪದಲ್ಲೇ ನಿರ್ಮಿಸಿದನು, ಅಷ್ಟೇ ಅಲ್ಲದೆ ಕಾಲಕಾಲಕ್ಕೆ ಹಳೆಯ ಖಂಡಗಳನ್ನು ತೆಗೆದು ಹೊಸವನ್ನು ಸೇರಿಸುತ್ತ ಅದನ್ನು ಎಂದೂ ಮುಗಿಯದ ಕಾರ್ಯಕ್ರಮವಾಗಿ ಉಳಿಸುವ ಯೋಜನೆಯನ್ನೂ ಹೊಂದಿದ್ದನು. ಬಡತನ ಈ ಪ್ರಕಾರವನ್ನು ಸೃಷ್ಟಿಸಲಿಲ್ಲ. ಸ್ಟುಡಿಯೊ ಕಷ್ಟ ಬಂದಾಗ ತನಗೆ ಚೆನ್ನಾಗಿ ಬರುತ್ತಿದ್ದ ಕೆಲಸಕ್ಕೆ ಮರಳಿತು.

1948ರ ಪ್ರೇಕ್ಷಕನ ಅಭ್ಯಾಸವನ್ನೂ ಇಲ್ಲಿ ನೆನೆಯಬೇಕು. ಆಗಿನ ಅಮೆರಿಕದ ಚಿತ್ರಮಂದಿರಕ್ಕೆ ಹೋದವನು ಒಂದು ಟಿಕೆಟ್ಟಿಗೆ ಸುದ್ದಿಚಿತ್ರ, ಕಾರ್ಟೂನು, ಕಿರುಚಿತ್ರ ಮತ್ತು ಮುಖ್ಯ ಚಿತ್ರಗಳನ್ನೊಳಗೊಂಡ ಮಿಶ್ರ ಕಾರ್ಯಕ್ರಮವನ್ನು ನೋಡುತ್ತಿದ್ದನು. ಮನೆಯಲ್ಲಿ ರೇಡಿಯೊ ಹಾಕಿದರೆ ಹಾಡು, ಹಾಸ್ಯ, ವಾದ್ಯವೃಂದಗಳು ಒಂದರ ಹಿಂದೆ ಒಂದಾಗಿ ಬರುವ ವಿನೋದ ಕಾರ್ಯಕ್ರಮಗಳನ್ನು ಕೇಳುತ್ತಿದ್ದನು. ಅವನ ಹಿಂದಿನ ತಲೆಮಾರು ವಾಡ್‌ವಿಲ್ ಎಂಬ, ಹಾಡುಗಾರ, ಜಾದುಗಾರ, ನರ್ತಕಿಯರು ಸರದಿಯಂತೆ ವೇದಿಕೆಗೆ ಬರುವ ರಂಗಪ್ರದರ್ಶನದಲ್ಲಿ ಬೆಳೆದಿತ್ತು. ಆಂಡ್ರ್ಯೂಸ್ ಸೋದರಿಯರು, ಡೆನಿಸ್ ಡೇ, ಫ್ರಾನ್ಸಿಸ್ ಲ್ಯಾಂಗ್‌ಫರ್ಡ್, ಫ್ರೆಡ್ ವೇರಿಂಗ್, ರಾಯ್ ರಾಜರ್ಸ್—‘ಮೆಲಡಿ ಟೈಮ್’ಗೆ ದನಿ ನೀಡಿದ ಇವರೆಲ್ಲ ಅವನು ನಿತ್ಯ ಕೇಳುತ್ತಿದ್ದ ದನಿಗಳು. ಒಂದೇ ಕಥೆ ಒಂದೂವರೆ ಗಂಟೆ ಕಾಲ ಬಿಡದೆ ಸಾಗದಿದ್ದರೆ ಚಿತ್ರವೇ ಅಲ್ಲ ಎಂಬ ಭಾವನೆ ಆ ಪ್ರೇಕ್ಷಕನಿಗೆ ಇರಲು ಸಾಧ್ಯವಿರಲಿಲ್ಲ. ಅದು ಅನಂತರದ ದಶಕಗಳಲ್ಲಿ ಬೆಳೆದ ಅಭ್ಯಾಸ, ಮತ್ತು ಆ ಅಭ್ಯಾಸವನ್ನು ನಿತ್ಯನಿಯಮವೆಂದು ಭಾವಿಸಿ ಹಿಂದಿನ ಕೃತಿಗೆ ಅನ್ವಯಿಸುವುದು ಕಾಲಪ್ರಜ್ಞೆಯ ಕೊರತೆ.

ಏಕಕಥೆಯಿಲ್ಲದಿದ್ದರೆ ಏಕತೆಯೇ ಇಲ್ಲ ಎಂಬ ವಾದವನ್ನು ಭಾರತೀಯ ಕಾವ್ಯಮೀಮಾಂಸೆ ಬಹಳ ಹಿಂದೆಯೇ ಪರಿಶೀಲಿಸಿ ಬದಿಗಿಟ್ಟಿದೆ. ಸರ್ಗಸರ್ಗವಾಗಿ ಬೆಳೆಯುವ ಕಾವ್ಯವನ್ನು ಪ್ರಬಂಧವೆಂದೂ, ಹಿಂದುಮುಂದಿನ ಹಂಗಿಲ್ಲದೆ ತಾನೇ ತಾನಾಗಿ ನಿಲ್ಲುವ ಪದ್ಯವನ್ನು ಮುಕ್ತಕವೆಂದೂ ಕರೆದ ಆಲಂಕಾರಿಕರು ಎರಡನ್ನೂ ಕಾವ್ಯವೆಂದೇ ಒಪ್ಪಿದರು. ಒಂಬತ್ತನೆಯ ಶತಮಾನದ ಆನಂದವರ್ಧನನು ಅಮರುಕ ಕವಿಯ ಮುಕ್ತಕಗಳು ರಸದ ತುಂಬುವಿಕೆಯಲ್ಲಿ ಪ್ರಬಂಧಗಳಿಗೆ ಸಮನೆಂದು ಎತ್ತಿ ಹೇಳಿದನು. ವಚನಗಳನ್ನು ಒಂದೊಂದಾಗಿ ಓದಿ ಅರಗಿಸಿಕೊಂಡ ಕನ್ನಡದ ಓದುಗನಿಗೆ ಈ ಮಾತನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಮುಕ್ತಕಗಳ ಸಂಗ್ರಹವನ್ನು ಕೈಗೆತ್ತಿಕೊಂಡವನು ಇದರಲ್ಲಿ ನಾಯಕ ಯಾರು, ಕಥೆ ಎಲ್ಲಿ ಮುಂದುವರಿಯಿತು ಎಂದು ಕೇಳಿದರೆ ತಪ್ಪು ಸಂಗ್ರಹದ್ದಲ್ಲ. ಮುಕ್ತಕವನ್ನು ಕುರಿತು ಕೇಳಬೇಕಾದ ಪ್ರಶ್ನೆಗಳು ಬೇರೆ: ಇದು ತನ್ನಷ್ಟಕ್ಕೆ ತುಂಬಿದೆಯೇ, ತನ್ನ ಭಾವಕ್ಕೆ ತಕ್ಕ ರೂಪವನ್ನು ಕಂಡುಕೊಂಡಿದೆಯೇ, ನೆರೆಯ ಪದ್ಯದ ಪಕ್ಕದಲ್ಲಿ ನಿಂತಾಗ ಯಾವ ಹೊಸ ಕಾಂತಿ ಪಡೆಯುತ್ತದೆ?

ಈ ಪ್ರಶ್ನೆಗಳನ್ನು ಹಿಡಿದು ನೋಡಿದರೆ ‘ಮೆಲಡಿ ಟೈಮ್’ನ ಜೋಡಣೆ ಎಷ್ಟು ಯೋಚಿಸಿ ಮಾಡಿದ್ದೆಂಬುದು ಕಾಣುತ್ತದೆ. ಹಿಮದ ಮೇಲೆ ನಿಧಾನವಾಗಿ ಜಾರುವ ಪ್ರೇಮಗೀತೆಯ ಬೆನ್ನಿಗೇ ಮೂರು ನಿಮಿಷದ ಉನ್ಮತ್ತ ಪಿಯಾನೊ ಬರುತ್ತದೆ. ಆ ಅಬ್ಬರ ಅಡಗಿದ ಮೇಲೆ ಒಬ್ಬ ಮನುಷ್ಯನ ಇಡೀ ಬಾಳನ್ನು ಹೇಳುವ, ಸಾವಿನಲ್ಲಿ ಮುಗಿಯುವ ದೀರ್ಘ ಕಥನಕ್ಕೆ ಜಾಗ ದೊರೆಯುತ್ತದೆ. ಅದರ ಪ್ರಶಾಂತತೆಯಿಂದ ನ್ಯೂಯಾರ್ಕ್ ಬಂದರಿನ ಗದ್ದಲಕ್ಕೆ, ಅಲ್ಲಿಂದ ಮಾತಿಲ್ಲದ ಮರಗಳ ಧ್ಯಾನಕ್ಕೆ, ಅಲ್ಲಿಂದ ಬ್ರೆಜಿಲಿನ ತಾಳದ ಹುಚ್ಚುಹೊಳೆಗೆ ಚಿತ್ರ ಹರಿಯುತ್ತದೆ. ಕೊನೆಯ ಖಂಡ ಮರುಭೂಮಿಯ ನೀಲಿ ಮುಸ್ಸಂಜೆಯ ಹಾಡಿನಿಂದ ಮೆಲ್ಲಗೆ ತೊಡಗಿ ಸುಂಟರಗಾಳಿಯನ್ನೇ ಕುದುರೆಯಂತೆ ಸವಾರಿ ಮಾಡುವವನ ಆರ್ಭಟಕ್ಕೆ ಏರುತ್ತದೆ. ವೇಗಕ್ಕೆ ವಿಳಂಬ, ಕಥನಕ್ಕೆ ಭಾವಗೀತೆ, ಹಾಸ್ಯಕ್ಕೆ ಗಾಂಭೀರ್ಯ ಎದುರಾಗುವಂತೆ ಹೆಣೆದ ಈ ಅನುಕ್ರಮದಲ್ಲಿ ಯಾವೊಂದು ಖಂಡವನ್ನು ಕಿತ್ತರೂ ಅದರ ನೆರೆಯ ಎರಡು ಖಂಡಗಳು ಮಂಕಾಗುತ್ತವೆ. ಇಷ್ಟವಾಗದ ಖಂಡವನ್ನು ದಾಟಿಸಿ ಮುಂದೆ ಹೋಗಿ ನೋಡುವ ಪ್ರೇಕ್ಷಕ ಚಿತ್ರಕ್ಕೆ ಲಯವಿಲ್ಲ ಎಂದು ದೂರುವಾಗ, ತಾನೇ ಕೆಡಿಸಿದ ಲಯದ ಬಗ್ಗೆ ದೂರುತ್ತಿದ್ದಾನೆ.

‘ಏರುಪೇರು’ ಎಂಬ ಆಕ್ಷೇಪವೇ ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು ಮತ್ತು ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿರುವುದು. ಖಂಡದಿಂದ ಖಂಡಕ್ಕೆ ಚಿತ್ರಶೈಲಿ ಬದಲಾಗುವುದನ್ನು ಈ ಆಕ್ಷೇಪ ಅಸ್ಥಿರತೆಯೆಂದು ಓದುತ್ತದೆ, ಆದರೆ ಈ ಚಿತ್ರದ ದೊಡ್ಡ ಸಾಧನೆ ಇರುವುದು ಆ ಬದಲಾವಣೆಯಲ್ಲೇ. ಅದಕ್ಕೆ ಕಾರಣಳಾದ ಕಲಾವಿದೆಯ ಹೆಸರು ಮೇರಿ ಬ್ಲೇರ್. 1911ರಲ್ಲಿ ಓಕ್ಲಹೋಮದಲ್ಲಿ ಹುಟ್ಟಿದ ಈಕೆ 1941ರಲ್ಲಿ ಡಿಸ್ನಿಯ ತಂಡದೊಡನೆ ದಕ್ಷಿಣ ಅಮೆರಿಕದ ಪ್ರವಾಸ ಮಾಡಿದಳು. ಅಲ್ಲಿನ ಬಣ್ಣಗಳನ್ನು ಕಂಡ ಮೇಲೆ ಆಕೆಯ ಕುಂಚವೇ ಬದಲಾಯಿತು, ನೆರಳು-ಬೆಳಕಿನ ಮೃದು ಹೊಂದಾಣಿಕೆಯನ್ನು ಬಿಟ್ಟು ಚಪ್ಪಟೆಯಾದ, ದಟ್ಟವಾದ, ಒಂದಕ್ಕೊಂದು ಸವಾಲೊಡ್ಡುವ ಬಣ್ಣಗಳ ಕಡೆಗೆ ಹೊರಳಿತು. ಚಿತ್ರವೊಂದರ ದೃಶ್ಯಗಳು ಯಾವ ಬಣ್ಣಗಳಲ್ಲಿ, ಯಾವ ಆಕಾರಗಳಲ್ಲಿ ಇರಬೇಕೆಂದು ಮೊದಲೇ ಚಿಕ್ಕ ವರ್ಣಚಿತ್ರಗಳ ಮೂಲಕ ಗೊತ್ತುಮಾಡುವ ಕೆಲಸಕ್ಕೆ ವರ್ಣವಿನ್ಯಾಸ ಎನ್ನಬಹುದು. ಆಕೆ ಡಿಸ್ನಿಗೆ ಮಾಡಿದ್ದು ಮುಖ್ಯವಾಗಿ ಈ ಕೆಲಸ. ‘ಸಿಂಡರೆಲ್ಲಾ’ (1950), ‘ಆಲಿಸ್ ಇನ್ ವಂಡರ್‌ಲ್ಯಾಂಡ್’ (1951), ‘ಪೀಟರ್ ಪ್ಯಾನ್’ (1953) ಚಿತ್ರಗಳಿಗೂ ಆಕೆ ಇದನ್ನು ಮಾಡಿದಳು, ಆದರೆ ಆ ಕಥಾಚಿತ್ರಗಳಲ್ಲಿ ದುಂಡಗಿನ, ಮೈತುಂಬಿದ ಪಾತ್ರಗಳು ಒಂದೂಕಾಲು ಗಂಟೆ ಕಾಲ ನಂಬುವಂತೆ ಬದುಕಬೇಕಾಗಿದ್ದುದರಿಂದ ಆಕೆಯ ಚಪ್ಪಟೆ ಬಣ್ಣಗಳನ್ನು ತೆರೆಗೆ ತರುವಾಗ ಮೆದುಗೊಳಿಸಲಾಯಿತು. ಆಕೆಯ ಕಲ್ಪನೆ ತೆರೆಯ ಮೇಲೆ ಹೆಚ್ಚುಕಡಿಮೆ ಹಾಗೆಯೇ ಉಳಿದದ್ದು ಸಂಕಲನ ಚಿತ್ರಗಳಲ್ಲಿ, ಅದರಲ್ಲೂ ‘ಮೆಲಡಿ ಟೈಮ್’ನ ಮೊದಲ ಮತ್ತು ಮೂರನೆಯ ಖಂಡಗಳಲ್ಲಿ.

ಮೊದಲ ಖಂಡದ ಹಿಮ ನಿಸರ್ಗದ ಹಿಮವಲ್ಲ, ಬಿಳಿ, ತಿಳಿನೀಲಿ, ಗುಲಾಬಿಗಳ ಸಪಾಟು ಹರಹುಗಳಿಂದ ಕಟ್ಟಿದ ಹಿಮ. ಮರಗಳು ಕೆಲವೇ ಗೆರೆಗಳಲ್ಲಿ ನಿಂತಿವೆ, ದೂರ ಮತ್ತು ಹತ್ತಿರದ ಅಂತರವನ್ನು ಬಣ್ಣವೇ ಸೂಚಿಸುತ್ತದೆ. ಜಾನಿಯ ಖಂಡದಲ್ಲಿ ಅದೇ ಕಲಾವಿದೆ ಅಮೆರಿಕದ ವಲಸಿಗರ ಜನಪದ ಚಿತ್ರಕಲೆಯ ಕಡೆಗೆ ತಿರುಗಿದ್ದಾಳೆ: ಗುಡ್ಡಗಳ ಮೇಲಿನ ಹೊಲಗಳು ಕೌದಿಯ ತುಂಡುಗಳಂತೆ ಒಂದರ ಪಕ್ಕ ಒಂದು ಹೊಂದಿಕೊಂಡಿವೆ, ಮೋಡಗಳು ಸೇಬಿನ ಹೂವುಗಳ ಗೊಂಚಲುಗಳಾಗಿ ಆಕಾಶ ತುಂಬಿವೆ. ಕಥೆಯ ಜಾನಿ ಕಲ್ಪಿತ ವ್ಯಕ್ತಿಯಲ್ಲ; 1774ರಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಹುಟ್ಟಿ 1845ರಲ್ಲಿ ತೀರಿಕೊಂಡ ಜಾನ್ ಚಾಪ್ಮನ್, ಸ್ವೀಡನ್‌ಬೋರ್ಗ್‌ನ ಮತಪಂಥಕ್ಕೆ ಸೇರಿದವನು, ವಲಸಿಗರು ಬರುವ ಮುನ್ನವೇ ಹೋಗಿ ಸೇಬಿನ ಸಸಿತೋಟಗಳನ್ನು ಎಬ್ಬಿಸಿದವನು. ಚಿತ್ರ ಅವನ ಐತಿಹ್ಯವನ್ನು ಐತಿಹ್ಯವಾಗಿಯೇ ಹೇಳುತ್ತದೆ, ಆದ್ದರಿಂದಲೇ ಆ ವಲಸಿಗ ಜನರು ಗೋಡೆಗೆ ತೂಗುಹಾಕುತ್ತಿದ್ದ ಚಿತ್ರಗಳ ಶೈಲಿ ಅದಕ್ಕೆ ಒಪ್ಪುತ್ತದೆ. ಹಿಮದ ಪ್ರೇಮಗೀತೆಗೂ ಈ ಐತಿಹ್ಯಕ್ಕೂ ಒಂದೇ ಶೈಲಿ ತೊಡಿಸಿದ್ದರೆ ಚಿತ್ರ ‘ಸಮ’ವಾಗುತ್ತಿತ್ತು, ಎರಡೂ ಖಂಡಗಳು ಸಾಯುತ್ತಿದ್ದವು.

‘ಟ್ರೀಸ್’ ಖಂಡವನ್ನು ಅತ್ಯಂತ ಬೇಸರದ ಭಾಗವೆಂದು ಹೆಸರಿಸುವವರು ಬಹಳ. ಅದರ ಸಂಗೀತ, ಅಂದರೆ ಆಸ್ಕರ್ ರ್‍ಯಾಸ್‌ಬಾಕ್‌ನ ರಾಗಕ್ಕೆ ಫ್ರೆಡ್ ವೇರಿಂಗ್ ವೃಂದದ ಗಾಯನ, ತುಂಬ ಮೃದುವಾದದ್ದು ನಿಜ; ಕೊನೆಗೆ ಗುಡ್ಡದ ಮೇಲಿನ ಮರ ಶಿಲುಬೆಯ ಆಕಾರ ತಾಳುವುದು ಆ ಮೃದುತ್ವವನ್ನು ಉಪದೇಶದ ಅಂಚಿಗೆ ಒಯ್ಯುತ್ತದೆ ಎಂಬುದನ್ನೂ ಒಪ್ಪಬೇಕು. ಆದರೆ ಕಣ್ಣು ತೆರೆದು ನೋಡಿದವರಿಗೆ ಅಲ್ಲಿ ಕಾಣುವುದು ಬೇರೆ. ಆನಿಮೇಷನ್ನಿನಲ್ಲಿ ಚಲಿಸುವ ಆಕೃತಿಗಳನ್ನು ಸೆಲ್ ಎಂಬ ಪಾರದರ್ಶಕ ಹಾಳೆಯ ಮೇಲೆ ಶಾಯಿಯ ಹೊರಗೆರೆ ಮತ್ತು ಒಂದೇ ಹದದ ಬಣ್ಣದಿಂದ ಬರೆಯುವುದು ಆಗ ರೂಢಿಯಾಗಿತ್ತು. ನುಣುಪಾದ ಆ ಹಾಳೆಯ ಮೇಲೆ ಒಣಬಣ್ಣದ ಕಡ್ಡಿಯಾದ ಪ್ಯಾಸ್ಟೆಲ್ ಹಿಡಿಯುವುದಿಲ್ಲ. ಲೇಔಟ್ ಕಲಾವಿದ, ಅಂದರೆ ದೃಶ್ಯದ ಚೌಕಟ್ಟು ಮತ್ತು ರಚನೆಯನ್ನು ಗೊತ್ತುಮಾಡುವವನಾದ ಕೆನ್ ಓ’ಕಾನರ್ ಮೇಲ್ಮೈಯನ್ನು ಮಬ್ಬುಗೊಳಿಸಿದ ಸೆಲ್‌ಗಳ ಮೇಲೆ ಪ್ಯಾಸ್ಟೆಲ್‌ನಲ್ಲೇ ಚಿತ್ರ ಬರೆಸಿ, ಬಣ್ಣ ಉದುರದಂತೆ ಪ್ರತಿಯೊಂದು ಹಾಳೆಗೂ ಪಾರದರ್ಶಕ ಅರಗಿನ ಲೇಪ ಕೊಟ್ಟು, ಆಮೇಲೆ ಛಾಯಾಗ್ರಹಣ ಮಾಡಿಸಿದನು. ಫಲವಾಗಿ ಹೊರಗೆರೆಯ ಬೇಲಿಯಿಲ್ಲದ ಮರಗಳು, ಮಳೆ, ಮಂಜು, ಶರತ್ಕಾಲದ ಎಲೆಗಳು ತೆರೆಯ ಮೇಲೆ ಉಸಿರಾಡಿದವು. ಕಥೆಯಿಲ್ಲದ ಕೆಲವೇ ನಿಮಿಷಗಳಿಗಾಗಿ ಇಷ್ಟು ಶ್ರಮಪಡುವ ಸ್ಟುಡಿಯೊವನ್ನು ಹೊತ್ತು ತಳ್ಳುತ್ತಿತ್ತೆಂದು ಹೇಳುವುದು ಅನ್ಯಾಯ. ಇಂಥ ಪ್ರಯೋಗವನ್ನು ಕಥಾಚಿತ್ರವೊಂದರ ಉದ್ದಕ್ಕೂ ಮಾಡಲು ಯಾವ ನಿರ್ಮಾಪಕನೂ ಒಪ್ಪುತ್ತಿರಲಿಲ್ಲ.

ಆನಿಮೇಷನ್ನಿನ ಇತಿಹಾಸ ಬರೆಯುವವರಲ್ಲಿ ಇನ್ನೊಂದು ಸರಳೀಕರಣ ಬೆಳೆದಿದೆ. ಚಪ್ಪಟೆಯಾದ ಆಧುನಿಕ ಶೈಲಿಯನ್ನು ತಂದದ್ದು 1941ರ ಮುಷ್ಕರದ ನಂತರ ಡಿಸ್ನಿಯಿಂದ ಹೊರಬಿದ್ದ ಕಲಾವಿದರು ಕಟ್ಟಿದ ಯುಪಿಎ ಸ್ಟುಡಿಯೊ, 1950ರ ‘ಜೆರಾಲ್ಡ್ ಮೆಕ್‌ಬಾಯಿಂಗ್-ಬಾಯಿಂಗ್’ ಎಂಬ ಅದರ ಕಿರುಚಿತ್ರ ಆಸ್ಕರ್ ಪಡೆದು ಹಳೆಯ ಶೈಲಿಯನ್ನು ಸೋಲಿಸಿತು, ಡಿಸ್ನಿ ಮಾತ್ರ ನಿಜವನ್ನು ನಕಲು ಮಾಡುತ್ತ ಉಳಿಯಿತು ಎಂಬುದು ಆ ಕಥನ. ಯುಪಿಎಯ ಕೊಡುಗೆ ದೊಡ್ಡದು, ಅದು ಯುದ್ಧಕಾಲದಿಂದಲೇ ಈ ದಾರಿಯಲ್ಲಿತ್ತು. ಆದರೆ ಡಿಸ್ನಿಯ ಒಳಗೂ ಅದೇ ವರ್ಷಗಳಲ್ಲಿ ಅದೇ ಬಗೆಯ ಹುಡುಕಾಟ ನಡೆದಿತ್ತು ಎಂಬುದಕ್ಕೆ ಸಾಕ್ಷಿ ಸಂಕಲನ ಚಿತ್ರಗಳು. ಅವನ್ನು ಚೂರುಚಾರೆಂದು ಕಸಕ್ಕೆ ಎಸೆದವರು ಆ ಸಾಕ್ಷಿಯನ್ನೂ ಎಸೆದಿದ್ದಾರೆ.

‘ಬಡವರ ಫ್ಯಾಂಟೇಸಿಯಾ’ ಎಂಬ ಹೀಯಾಳಿಕೆಯೂ ಇದರ ಜೊತೆಗೇ ಬರುತ್ತದೆ. ‘ಫ್ಯಾಂಟೇಸಿಯಾ’ದಲ್ಲಿ ಸ್ಟೊಕೊವ್‌ಸ್ಕಿ ನಡೆಸಿದ ಸಿಂಫನಿ ವೃಂದದ ಶಾಸ್ತ್ರೀಯ ಕೃತಿಗಳಿದ್ದರೆ ಇಲ್ಲಿ ರೇಡಿಯೊ ಹಾಡುಗಳಿವೆ, ಆದ್ದರಿಂದ ಇದು ಕೀಳು ಎಂಬ ಈ ತರ್ಕ ಸಂಗೀತದ ಬಗ್ಗೆ ಇರುವ ಒಂದು ಪೂರ್ವಗ್ರಹವಷ್ಟೇ. ಎರಡೂ ಚಿತ್ರಗಳ ಎದುರಿದ್ದ ಕೆಲಸ ಒಂದೇ ಅಲ್ಲ. ಮಾತಿಲ್ಲದ ವಾದ್ಯಸಂಗೀತಕ್ಕೆ ಚಿತ್ರಕಾರ ತನಗೆ ಬೇಕಾದ ಜಗತ್ತನ್ನು ಕಲ್ಪಿಸಬಹುದು. ಹಾಡಿಗೆ ಸಾಹಿತ್ಯವಿದ್ದಾಗ ಚಿತ್ರ ಆ ಸಾಹಿತ್ಯ ಹೇಳಿದ್ದನ್ನೇ ಮತ್ತೆ ಹೇಳಿದರೆ ಬರಡಾಗುತ್ತದೆ, ಅದರಿಂದ ತೀರ ದೂರ ಹೋದರೆ ಹರಿದುಹೋಗುತ್ತದೆ. ಈ ಇಕ್ಕಟ್ಟಿನಲ್ಲಿ ದಾರಿ ಕಂಡುಕೊಳ್ಳುವುದು ಬೇರೆಯೇ ಕೌಶಲ. ಇನ್ನು ‘ಬಂಬಲ್ ಬೂಗಿ’ಯನ್ನು ನೋಡಿದರೆ ಹೀಯಾಳಿಕೆ ಪೂರ್ತಿ ಬಿದ್ದುಹೋಗುತ್ತದೆ. ರಿಮ್‌ಸ್ಕಿ-ಕೊರ್ಸಕೊವ್‌ನ ‘ತ್ಸಾರ್ ಸಲ್ತಾನ್’ ಒಪೆರಾದ ದುಂಬಿಯ ಹಾರಾಟದ ಸಂಗೀತವನ್ನು ಫ್ರೆಡ್ಡಿ ಮಾರ್ಟಿನ್‌ನ ವೃಂದ ಮತ್ತು ಪಿಯಾನೊವಾದಕ ಜ್ಯಾಕ್ ಫೀನಾ ಬೂಗಿ-ವೂಗಿಯಾಗಿ, ಅಂದರೆ ಎಡಗೈಯಲ್ಲಿ ಬಿಡದೆ ಉರುಳುವ ತಾಳದ ಮೇಲೆ ಬಲಗೈ ಸ್ವರ ಚಿಮ್ಮಿಸುವ ಕಪ್ಪು ಅಮೆರಿಕನ್ನರ ಪಿಯಾನೊ ಶೈಲಿಗೆ ಹೊರಳಿಸಿದ್ದಾರೆ. ತೆರೆಯ ಮೇಲೆ ಸ್ವರಗಳೇ ಬೇಟೆಗಾರರಾಗಿ, ಪಿಯಾನೊ ಮನೆಗಳೇ ಹಾವಾಗಿ ದುಂಬಿಯನ್ನು ಅಟ್ಟುತ್ತವೆ. ಸಂಗೀತ ಅಲ್ಲಿ ಹಿನ್ನೆಲೆಯಲ್ಲ, ಅಪಾಯ. ‘ಫ್ಯಾಂಟೇಸಿಯಾ’ದ ಗಾಂಭೀರ್ಯ ಇಷ್ಟು ಚುರುಕಾದ ಮೂರು ನಿಮಿಷಗಳನ್ನು ಎಲ್ಲೂ ಕಂಡಿಲ್ಲ.

ಮಕ್ಕಳಿಗೆ ಬೇಸರ ಎಂಬ ಮಾತನ್ನು ಹೇಳುವವರು ಬಹುಮಟ್ಟಿಗೆ ದೊಡ್ಡವರೇ. ಒಂದೂವರೆ ಗಂಟೆಯ ಕಥೆಯ ಎಳೆಗಳನ್ನು ನೆನಪಿನಲ್ಲಿಟ್ಟುಕೊಂಡು ನೋಡುವುದು ಎಳೆಯ ಮಗುವಿಗೆ ಹೊರೆಯಾಗುವಾಗ, ಹತ್ತು ನಿಮಿಷಕ್ಕೊಮ್ಮೆ ಹೊಸದಾಗಿ ತೊಡಗಿ ಮುಗಿಯುವ ಸಂಕಲನ ಅದರ ಗಮನದ ಅಳತೆಗೆ ತಕ್ಕದ್ದು. ‘ಲಿಟಲ್ ಟೂಟ್’ ಇದಕ್ಕೆ ಒಳ್ಳೆಯ ನಿದರ್ಶನ. ದೊಡ್ಡ ಹಡಗುಗಳನ್ನು ಬಂದರಿಗೆ ಎಳೆದು ತರುವ, ಹೊರಗೆ ಎಳೆದು ಬಿಡುವ ಗಟ್ಟಿ ಚಿಕ್ಕ ದೋಣಿಗೆ ಟಗ್ ಎನ್ನುತ್ತಾರೆ; ಹಿಂದೆ ಡಿಸ್ನಿಯಲ್ಲೇ ಆನಿಮೇಟರ್ ಆಗಿದ್ದ ಹಾರ್ಡಿ ಗ್ರಮಟ್ಕಿ 1939ರಲ್ಲಿ ಬರೆದ ಮಕ್ಕಳ ಪುಸ್ತಕದ ನಾಯಕ ಇಂಥದೊಂದು ಟಗ್. ತುಂಟಾಟದಿಂದ ತಂದೆಗೆ ಅವಮಾನ ತಂದು, ಬಂದರಿನಿಂದ ಹೊರಗಟ್ಟಿಸಿಕೊಂಡು, ಬಿರುಗಾಳಿಯಲ್ಲಿ ಸಿಕ್ಕ ದೊಡ್ಡ ಹಡಗನ್ನು ಉಳಿಸಿ ಅದು ಮರಳುತ್ತದೆ. ಪಾತ್ರಗಳ ಸಂಭಾಷಣೆಯನ್ನು ನೆಚ್ಚದೆ ಇಡೀ ಕಥೆಯನ್ನು ಮೂವರು ಆಂಡ್ರ್ಯೂಸ್ ಸೋದರಿಯರ ಕಂಠಗಳೇ ನಡೆಸುತ್ತವೆ. ನಾಚಿಕೆ, ಒಂಟಿತನ, ಭಯ, ಬಿಡುಗಡೆ ಎಲ್ಲವೂ ಹೊಗೆಕೊಳವೆಯ ಬಾಗು, ಅಲೆಗಳ ಬಣ್ಣ, ತಾಳದ ಏರಿಳಿತಗಳಿಂದಲೇ ಮಗುವಿಗೆ ಮುಟ್ಟುತ್ತವೆ. ಇಂಗ್ಲಿಷ್ ಬಾರದ ಮಗುವೂ ಇದನ್ನು ಹಿಂಬಾಲಿಸಬಲ್ಲದು. ಅದರ ಹಿಂದಿನ ಖಂಡದಲ್ಲಿ ಜಾನಿ ತಾನು ನೆಟ್ಟ ಮರದ ಕೆಳಗೆ ಸಾಯುತ್ತಾನೆ, ಅವನನ್ನು ಕರೆದೊಯ್ಯಲು ಬಂದ ದೇವದೂತ ಸ್ವರ್ಗದಲ್ಲಿ ಸೇಬಿನ ಮರಗಳಿಲ್ಲವೆಂದು ತಿಳಿಸಿ ಅವನನ್ನು ಒಪ್ಪಿಸುತ್ತಾನೆ. ಸಾವನ್ನು ಹೆದರಿಸದೆ, ಮರೆಮಾಚದೆ, ಕೆಲಸದ ಮುಂದುವರಿಕೆಯಾಗಿ ಮಕ್ಕಳ ಮುಂದಿಟ್ಟ ಇಂಥ ಚಿತ್ರಗಳು ಕುಟುಂಬಗಳಿಗಾಗಿ ಮಾಡಿದ ಸಿನಿಮಾದಲ್ಲಿ ಹೆಚ್ಚಿಲ್ಲ.

ಪ್ರೇಕ್ಷಕರ ಅಭಿಪ್ರಾಯ ರೂಪುಗೊಂಡ ಬಗೆಯನ್ನೂ ಗಮನಿಸಬೇಕಾಗಿದೆ, ಏಕೆಂದರೆ ಚಿತ್ರವನ್ನು ಚೂರುಗಳೆಂದು ನೋಡಲು ಅವರಿಗೆ ಕಲಿಸಿದ್ದು ಸ್ಟುಡಿಯೊವೇ. ಅದು 1954-55ರ ಸುಮಾರಿಗೆ ಸಂಕಲನ ಚಿತ್ರಗಳನ್ನು ಬಿಡಿಸಿ, ಹಿಮದ ಪ್ರೇಮಿಗಳು, ‘ಲಿಟಲ್ ಟೂಟ್’, ‘ಪೇಕೋಸ್ ಬಿಲ್’ ಮುಂತಾದ ಖಂಡಗಳನ್ನು ಪ್ರತ್ಯೇಕ ಕಿರುಚಿತ್ರಗಳಾಗಿ ಚಿತ್ರಮಂದಿರಗಳಿಗೆ ಕೊಟ್ಟಿತು. 1955ರಲ್ಲಿ ‘ಮೇಕ್ ಮೈನ್ ಮ್ಯೂಸಿಕ್’ ಮತ್ತು ‘ಮೆಲಡಿ ಟೈಮ್’ಗಳ ಭಾಗಗಳನ್ನು ಬೆರೆಸಿ ‘ಮ್ಯೂಸಿಕ್ ಲ್ಯಾಂಡ್’ ಎಂಬ ಇನ್ನೊಂದು ಚಿತ್ರ ಹೊರತಂದಿತು. 1954ರ ಅಕ್ಟೋಬರಿನಲ್ಲಿ ಎಬಿಸಿ ವಾಹಿನಿಯಲ್ಲಿ ತೊಡಗಿದ ತನ್ನ ದೂರದರ್ಶನ ಕಾರ್ಯಕ್ರಮಕ್ಕೂ ಈ ಖಂಡಗಳನ್ನು ಬಳಸಿಕೊಂಡಿತು. ಹೀಗೆ ಒಂದಿಡೀ ತಲೆಮಾರು ಈ ಚಿತ್ರವನ್ನು ಮೊದಲು ಬಿಡಿ ತುಣುಕುಗಳಲ್ಲಿ ಕಂಡಿತು, ಆಮೇಲೆ ಎಂದೋ ಒಟ್ಟಾಗಿ ಕಂಡಾಗ ಅದು ತುಣುಕುಗಳ ರಾಶಿಯಾಗಿಯೇ ತೋರಿತು.

ಅದಕ್ಕೂ ಮಿಗಿಲಾದ ಕೇಡು ಕೊನೆಯ ಖಂಡಕ್ಕೆ ಆಯಿತು. ಸುಂಟರಗಾಳಿಯ ಮೇಲೆ ಕುಳಿತ ಪೇಕೋಸ್ ಬಿಲ್ ನಿಶ್ಚಿಂತೆಯಿಂದ ಸಿಗರೇಟು ಸುತ್ತಿ ಮಿಂಚಿನಿಂದ ಅದನ್ನು ಹೊತ್ತಿಸಿಕೊಳ್ಳುವುದು ಮೂಲ ಚಿತ್ರದ ಪ್ರಸಂಗ. 1998ರ ವಿಡಿಯೊ ಕ್ಯಾಸೆಟ್ಟಿನಲ್ಲೂ 2000ದ ಡಿವಿಡಿಯಲ್ಲೂ ಅಮೆರಿಕದ ಪ್ರೇಕ್ಷಕರಿಗೆ ದೊರೆತ ಪ್ರತಿಗಳಲ್ಲಿ ಆ ಪ್ರಸಂಗವನ್ನು ಕತ್ತರಿಸಿ, ಬೇರೆಡೆ ಅವನ ತುಟಿಯ ಸಿಗರೇಟನ್ನು ಕಂಪ್ಯೂಟರಿನಿಂದ ಅಳಿಸಿಹಾಕಲಾಯಿತು. ವಾರ್ಡ್ ಕಿಂಬಲ್ ಮತ್ತು ಮಿಲ್ಟ್ ಕಾಲ್‌ರಂಥ ಆನಿಮೇಟರುಗಳ ಕೈ ಕಂಡ ಆ ಖಂಡದಲ್ಲಿ ಪ್ರತಿ ಚಲನೆಗೂ ಒಂದು ಕಾರಣವಿದೆ. ಕೈ ತುಟಿಯ ಕಡೆಗೆ ಹೋಗಿ ಏನೂ ಇಲ್ಲದೆ ಮರಳಿದಾಗ, ಹಾಡು ದೃಶ್ಯಕ್ಕೆ ಮುಂಚೆಯೇ ಹಾರಿದಾಗ, ಅಸಂಬದ್ಧವೆಂಬ ಭಾವ ಬರುವುದು ಸಹಜ. ಹೀಗೆ ಗಾಯಗೊಂಡ ಪ್ರತಿಯನ್ನು ನೋಡಿ ಮೂಲಕೃತಿಯನ್ನು ಅಸಂಬದ್ಧವೆಂದವರ ಮಾತಿಗೆ ಪ್ರಮಾಣದ ಬೆಲೆ ಕೊಡಲಾಗದು.

ಈ ಚಿತ್ರದಲ್ಲಿ ನಿಜವಾದ ದೋಷವಿದೆ, ಅದರ ಬಗ್ಗೆ ಪ್ರಚಲಿತ ಅಭಿಪ್ರಾಯ ಹೆಚ್ಚಾಗಿ ಮೌನವಾಗಿದೆ. ‘ಪೇಕೋಸ್ ಬಿಲ್’ ಖಂಡದ ಹಾಡಿನಲ್ಲಿ ಮೈಗೆ ಬಣ್ಣ ಬಳಿದುಕೊಂಡು ಕುಣಿಯುವ ಮೂಲನಿವಾಸಿಗಳ ಮೇಲೆ ನಾಯಕ ಗುಂಡು ಹಾರಿಸುತ್ತಾನೆ, ಅವರು ಬಣ್ಣವನ್ನು ಬಿಟ್ಟು ಓಡುತ್ತಾರೆ, ಅರಿಜೋನಾದ ‘ಪೇಂಟೆಡ್ ಡೆಸರ್ಟ್’ ಎಂಬ ಮರುಭೂಮಿಗೆ ಹೆಸರು ಬಂದದ್ದು ಹಾಗೆಂದು ಹೇಳಲಾಗುತ್ತದೆ, ಮತ್ತು ಆ ಜನರನ್ನು ಅವರ ಚರ್ಮದ ಬಣ್ಣದಿಂದ ಹೀಗಳೆಯುವ ಶಬ್ದವನ್ನು ಬಳಸಲಾಗುತ್ತದೆ. ಜಾನಿಯ ಖಂಡವೂ ಪಶ್ಚಿಮಕ್ಕೆ ಸಾಗುವ ಬಂಡಿಗಳ ಸಾಲನ್ನು ಹರ್ಷದಿಂದ ಚಿತ್ರಿಸುತ್ತದೆ, ಆ ನೆಲದಲ್ಲಿ ಮೊದಲಿಂದ ಬಾಳಿದವರಿಗೆ ಅದರಿಂದ ಆದದ್ದೇನು ಎಂಬ ಪ್ರಶ್ನೆಯನ್ನು ಎತ್ತುವುದಿಲ್ಲ. ಉತ್ಪ್ರೇಕ್ಷೆಯ ಜನಪದ ಕಥೆಯ ಧಾಟಿ ಇದಕ್ಕೆ ರಕ್ಷಣೆಯಾಗದು. ಒಂದು ಜನಾಂಗದ ಮೇಲೆ ನಡೆದ ಹಿಂಸೆಯನ್ನು ಅದರ ನೆನಪು ಇನ್ನೂ ಹಸಿಯಾಗಿದ್ದ ದೇಶದಲ್ಲಿ ಮಕ್ಕಳ ನಗೆಗೆ ವಸ್ತುವಾಗಿಸಿದ್ದು ತಪ್ಪು. ಸಿಗರೇಟನ್ನು ಮಕ್ಕಳ ಕಣ್ಣಿನಿಂದ ಮರೆಮಾಡಲು ಅಷ್ಟೊಂದು ಶ್ರಮಪಟ್ಟವರು ಆ ಗುಂಡೇಟನ್ನೂ ಆ ಶಬ್ದವನ್ನೂ ಅದೇ ಪ್ರತಿಗಳಲ್ಲಿ ಹಾಗೆಯೇ ಉಳಿಸಿದರು, ಮತ್ತು ಚಿತ್ರ ಏರುಪೇರಾಗಿದೆ ಎಂದು ದೂರಿದ ಪ್ರೇಕ್ಷಕರಲ್ಲಿ ಹಲವರು ಇದೇ ಖಂಡವನ್ನು ಏಳರಲ್ಲಿ ಅತ್ಯುತ್ತಮವೆಂದು ಆರಿಸಿದರು.